ಉದ್ದ ಜಡೆ ಬೇಕೆ? ಮೊದಲು ಕಟ್ಟು ಸಡಿಲಿಸಿ

ಬೆಳಿಗ್ಗೆ ಎಂಟರ ಹೊತ್ತಿಗೆ ಹಾವೇರಿ ಜಿಲ್ಲೆಯ ತಡಸ ಕ್ರಾಸಿನಲ್ಲಿ ಹುಬ್ಬಳ್ಳಿ, ಶಿಗ್ಗಾವಿ, ಮುಂಡಗೋಡದ ಬಸ್ಸಿಗೆ ಕಾಯುವ ಶಾಲೆಯ ಹುಡುಗಿಯರಲ್ಲಿ ಹೆಚ್ಚಿನವರದು ಎರಡು ಹೆರಳು. ನಡುವೆ ಬೈತಲೆ, ಕಿವಿಯ ಮೇಲಿಂದಲೇ ಜಗ್ಗಿ ಹೆಣೆದ ಜಡೆ, ಮೇಲಕ್ಕೆ ಮಡಚಿ ಕಟ್ಟಿದ ರಿಬ್ಬನ್ನು. ಕಾಲೇಜು ಸೇರಿದವರು ಇದನ್ನು ಬಿಟ್ಟು ನೆತ್ತಿಯ ಹತ್ತಿರ ಎತ್ತಿ ಕಟ್ಟುವ ಪೋನಿಟೇಲಿಗೆ ಬಂದಿರುತ್ತಾರೆ. "ಬಿಗಿ ಹಾಕ್ಬೇ ಯವ್ವಾ, ಮಧ್ಯಾಹ್ನಕ್ಕ ಬಿಚ್ಚಿ ಹೋಗ್ತೈತಿ" ಎಂಬ ಮಾತು ನಮ್ಮ ಮನೆಗಳಲ್ಲಿ ದಿನವೂ ಕೇಳುತ್ತದೆ. ಎಷ್ಟು ಎಣ್ಣೆ ಹಚ್ಚಿದರೂ ಕೂದಲು ಉದ್ದ ಆಗುತ್ತಿಲ್ಲ ಎಂಬ ದೂರು ಕೇಳುವುದೂ ಅದೇ ಮನೆಗಳಲ್ಲಿ.

ಕೂದಲು ಬೆಳೆಯುತ್ತಲೇ ಇರುತ್ತದೆ, ತಿಂಗಳಿಗೆ ಸುಮಾರು 1 ಸೆಂಟಿಮೀಟರ್. ಯಾವ ಎಣ್ಣೆಯೂ ಅದನ್ನು ಎರಡು ಮಾಡಲಾರದು. ಆದರೆ ಬೇರಿನ ಕಡೆ ಬಂದಷ್ಟೇ ತುದಿಯ ಕಡೆ ಮುರಿದು ಹೋಗುತ್ತಿದ್ದರೆ ಜಡೆ ವರ್ಷವಿಡೀ ಇದ್ದಷ್ಟೇ ಇರುತ್ತದೆ. ಚರ್ಮದಿಂದ ಹೊರಬಂದ ಕೂದಲಿಗೆ ಜೀವವಿಲ್ಲ. ಚರ್ಮಕ್ಕೆ ಗಾಯವಾದರೆ ಮಾಯುತ್ತದೆ, ಸೀಳಿದ ಕೂದಲು ಮಾಯುವುದಿಲ್ಲ. 60 ಸೆಂ.ಮೀ. ಉದ್ದದ ಕೂದಲಿನ ತುದಿಗೆ ಹತ್ತಿರಹತ್ತಿರ ಐದು ವರ್ಷ ವಯಸ್ಸು. ಹತ್ತನೇ ತರಗತಿಯ ಹುಡುಗಿಯ ಜಡೆಯ ತುದಿ ಅವಳು ಐದನೇ ತರಗತಿಯಲ್ಲಿದ್ದಾಗ ಹುಟ್ಟಿದ್ದು. ಅಷ್ಟು ವರ್ಷದ ಬಿಸಿಲು, ಹಣಿಗೆ, ರಬ್ಬರು ಎಲ್ಲವನ್ನೂ ತಾಳಿಕೊಂಡ ಆ ತುದಿಯನ್ನು ಪೆಟ್ಟಿಗೆಯಲ್ಲಿಟ್ಟ ಹಳೆಯ ರೇಷ್ಮೆ ಸೀರೆಯಷ್ಟು ನಾಜೂಕಾಗಿ ಮುಟ್ಟಬೇಕು.

ಕೂದಲು ಬಿಡಬೇಕು ಅಂದುಕೊಂಡವರು ಎಣ್ಣೆಗೆ, ಸೀರಮ್ಮಿಗೆ ದುಡ್ಡು ಸುರಿಯುವ ಮೊದಲು ದಿನವೂ ಅದನ್ನು ಹೇಗೆ ಕಟ್ಟುತ್ತೇವೆ ಎಂಬುದನ್ನು ನೋಡಿಕೊಳ್ಳಲಿ. ಕೆಳಗಿನ ಕ್ರಮಗಳಲ್ಲಿ ಹೆಚ್ಚಿನವಕ್ಕೆ ಖರ್ಚೇ ಇಲ್ಲ.

ಮೊದಲು: ಉದುರಿದ ಕೂದಲನ್ನು ಪರೀಕ್ಷಿಸಿ

ಒಂದು ವಾರ ಹಣಿಗೆಯಲ್ಲಿ, ದಿಂಬಿನ ಮೇಲೆ, ಬಚ್ಚಲಲ್ಲಿ ಸಿಕ್ಕ ಕೂದಲನ್ನು ಬಿಸಾಡದೆ ಒಂದು ಕಾಗದದಲ್ಲಿ ಕೂಡಿಡಿ. ಬೆಳಕಿಗೆ ಹಿಡಿದು ಎರಡೂ ತುದಿ ನೋಡಿ. ಒಂದು ತುದಿಯಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಗಂಟು ಇದ್ದರೆ ಅದು ಬೇರಿನಿಂದ ಬಿಟ್ಟು ಬಂದ ಕೂದಲು. ಇಂಥವು ದಿನಕ್ಕೆ 50ರಿಂದ 100ರವರೆಗೆ ಉದುರುವುದು ಎಲ್ಲರಿಗೂ ಸಹಜ. ಜ್ವರ ಬಂದು ಹೋದ ಮೇಲೆ, ಹೆರಿಗೆಯಾದ ಎರಡು ಮೂರು ತಿಂಗಳ ಮೇಲೆ ಹಿಡಿಗಟ್ಟಲೆ ಉದುರುವುದೂ ಈ ಬಗೆಯದೇ. ಅದು ಸಾಮಾನ್ಯವಾಗಿ ತಾನಾಗಿ ನಿಲ್ಲುತ್ತದೆ. ಸುಸ್ತು, ಬಿಳಿಚಿದ ಕಣ್ಣುರೆಪ್ಪೆ ಜೊತೆಗಿದ್ದರೆ ರಕ್ತಹೀನತೆಗೆ ರಕ್ತಪರೀಕ್ಷೆ ಮಾಡಿಸಬೇಕು, ಜಡೆ ಬದಲಿಸಿ ಪ್ರಯೋಜನವಿಲ್ಲ.

ಗಂಟಿಲ್ಲದ, ಬೆರಳುದ್ದ ಗೇಣುದ್ದದ ತುಂಡುಗಳು ಹೆಚ್ಚಿದ್ದರೆ ಅದು ಮುರಿತ. ಬಾಚುವ ಮತ್ತು ಕಟ್ಟುವ ರೀತಿಯಲ್ಲಿ ತಪ್ಪಿದೆ ಎಂದೇ ತಿಳಿಯಿರಿ. ಉದ್ದ ಆಗುತ್ತಿಲ್ಲ ಎನ್ನುವ ಹುಡುಗಿಯರು ಮೊದಲು ಹುಡುಕಬೇಕಾದದ್ದು ಈ ತುಂಡುಗಳನ್ನೇ.

ಎರಡು: ಬಿಗಿಯನ್ನು ಅಳೆಯುವುದು

ಜಡೆ ಹಾಕಿದ ಮೇಲೆ ಹುಬ್ಬು ಮೇಲೆತ್ತಿ ನೋಡಿ. ಹಣೆಯ ಚರ್ಮ ಹಿಡಿದಂತಾದರೆ, ಕಿವಿಯ ಮೇಲೆ ಕೂದಲಿನ ಬುಡದಲ್ಲಿ ಚರ್ಮ ಸಣ್ಣಗೆ ಉಬ್ಬಿ ಕಂಡರೆ ಬಿಚ್ಚಿ ಮತ್ತೆ ಹಾಕಿ. ಸಂಜೆ ಜಡೆ ಬಿಚ್ಚಿದಾಗ "ಅಬ್ಬಾ" ಎನಿಸಿದರೂ ಹಾಗೆಯೇ: ದಿನವಿಡೀ ಬೇರು ಎಳೆಸಿಕೊಂಡಿದೆ. ಮಧ್ಯಾಹ್ನದ ಹೊತ್ತಿಗೆ ಬರುವ ತಲೆನೋವಿಗೆ ಎಷ್ಟೋ ಸಲ ಬಿಗಿ ಜಡೆಯೇ ಕಾರಣ. ಮಕ್ಕಳು ತಲೆ ನೋಯುತ್ತದೆ ಅಂದಾಗ ಕನ್ನಡಕಕ್ಕೆ ಮೊದಲು ರಿಬ್ಬನ್ನು ಬಿಚ್ಚಿ ನೋಡಿ.

ದಿನವೂ ಒಂದೇ ಕಡೆ ಎಳೆತ ಬಿದ್ದರೆ ಅಲ್ಲಿನ ಕೂದಲು ತೆಳುವಾಗುತ್ತ ಹೋಗುತ್ತದೆ. ವೈದ್ಯರು ಇದನ್ನು ಟ್ರ್ಯಾಕ್ಷನ್ ಅಲೋಪೇಶಿಯಾ ಎನ್ನುತ್ತಾರೆ. 1907ರಲ್ಲಿಯೇ ಇದನ್ನು ಗ್ರೀನ್‌ಲ್ಯಾಂಡಿನ ಹೆಂಗಸರಲ್ಲಿ ಗುರುತಿಸಿ ಬರೆಯಲಾಗಿತ್ತು. ಅವರೂ ಕೂದಲನ್ನು ಬಿಗಿಯಾಗಿ ಎತ್ತಿ ಕಟ್ಟುತ್ತಿದ್ದರು. ತಲೆಯ ಮೇಲೆ ಗಂಟು ಕಟ್ಟುವ ಸಿಖ್ ಗಂಡಸರಲ್ಲಿಯೂ ಕಂಡಿದೆ. ನಮ್ಮ ಭಾಗದ ಲಂಬಾಣಿ ತಾಂಡಾಗಳಲ್ಲಿ ಹಿರಿಯ ಹೆಣ್ಣುಮಕ್ಕಳು ಕಿವಿಯ ಮುಂದಿನ ಕೂದಲಿಗೆ ಬೆಳ್ಳಿಯ ಘುಗರಿ, ಟೋಪ್ಲಿ ಕಟ್ಟಿಕೊಳ್ಳುತ್ತಾರೆ. ಆ ಭಾರವೂ ಬೀಳುವುದು ತಲೆಯ ಅತ್ಯಂತ ಸೂಕ್ಷ್ಮ ಕೂದಲಿನ ಮೇಲೆ. ಅಂದವಾದ ಆ ಒಡವೆಯನ್ನು ಬಿಡಿ ಎಂದು ಹೇಳುವುದಲ್ಲ. ರಾತ್ರಿ ತೆಗೆದಿಟ್ಟು ಬೇರಿಗೆ ಬಿಡುವು ಕೊಟ್ಟರೆ ಒಳ್ಳೆಯದು.

ಶಾಲೆಯ ಎರಡು ಹೆರಳನ್ನೂ ನಾನು ಬೈಯಲಾರೆ. ಹೆಣೆದ ಕೂದಲು ಸಿಕ್ಕಾಗುವುದಿಲ್ಲ, ಗಾಳಿಗೆ ಹಾರಿ ಉಜ್ಜುವುದಿಲ್ಲ, ಕಿಟಕಿ ತೆರೆದ ಬಸ್ಸಿನ ಪ್ರಯಾಣಕ್ಕೆ ಬಿಟ್ಟ ಕೂದಲಿಗಿಂತ ಎಷ್ಟೋ ಮೇಲು. ಹೆಣಿಗೆಯ ಮೊದಲ ಎರಡು ಸುತ್ತು ಸಡಿಲ ಇರಲಿ, ಬಿಗಿ ಬೇಕಾದರೆ ಕೆಳಗೆ ಬರಲಿ. ಜಡೆ ಕಿವಿಯ ಮೇಲಿಂದ ಅಲ್ಲ, ಕಿವಿಯ ಹಿಂದೆ, ಕೆಳಗಿನಿಂದ ಶುರುವಾಗಲಿ. ರಿಬ್ಬನ್ನನ್ನು ಕೊನೆಯಲ್ಲಿ ಸುತ್ತಿ ಜಗ್ಗುವ ಬದಲು ಅರ್ಧ ಜಡೆಯಿಂದಲೇ ಎಳೆಯ ಜೊತೆ ಸೇರಿಸಿ ಹೆಣೆದರೆ ಗಂಟು ಬಿಗಿ ಇಲ್ಲದೆಯೂ ಸಂಜೆಯ ತನಕ ನಿಲ್ಲುತ್ತದೆ. ನಮ್ಮ ಅಜ್ಜಿಯಂದಿರು ಜಡೆಗೆ ಕುಚ್ಚು ಸೇರಿಸಿ ಹೆಣೆಯುತ್ತಿದ್ದ ರೀತಿಯೇ ಇದು.

ಮಡಚಿ ಕಟ್ಟುವ ಜಾಗದ ಮೇಲೆ ಕಣ್ಣಿಡಿ. ದಿನವೂ ಒಂದೇ ಕಡೆ ಮಡಚಿದರೆ ಅಲ್ಲೇ ಕೂದಲು ತುಂಡಾಗುತ್ತದೆ. ಇಂದು ಜಡೆಯನ್ನು ಅರ್ಧಕ್ಕೆ ಮಡಚಿದರೆ ನಾಳೆ ನಾಲ್ಕು ಬೆರಳು ಕೆಳಗೆ. ಬೈತಲೆಯನ್ನೂ ವಾರಕ್ಕೊಮ್ಮೆ ಅರ್ಧ ಬೆರಳಿನಷ್ಟು ಆಚೀಚೆ ಸರಿಸಿ. ನಡುಬೈತಲೆಯೇ ಕಡ್ಡಾಯ ಎನ್ನುವ ಶಾಲೆಯಲ್ಲೂ ಅಷ್ಟು ಸರಿದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಶಾಲೆಯಿಂದ ಬಂದ ಕೂಡಲೇ ಬಿಚ್ಚುವುದು, ರಾತ್ರಿ ಒಂದೇ ಸಡಿಲ ಜಡೆ ಹಾಕಿ ಮಲಗುವುದು, ಇವೆರಡನ್ನು ಮಾಡಿದರೂ ಅರ್ಧ ಕೆಲಸ ಆಯಿತು.

ಮೂರು: ಕಟ್ಟುವ ಸಾಮಾನು

ನೋಟಿನ ಕಟ್ಟಿಗೆ ಹಾಕುವ ರಬ್ಬರು ಕೂದಲಿಗೆ ಬೇಡವೇ ಬೇಡ. ಈಗಾಗಲೇ ಹಾಕಿ ಸಿಕ್ಕಿಕೊಂಡಿದ್ದರೆ ಎಳೆಯದೆ ಕತ್ತರಿಯಿಂದ ರಬ್ಬರನ್ನೇ ಕತ್ತರಿಸಿ ತೆಗೆಯಿರಿ. ಬಟ್ಟೆ ಸುತ್ತಿದ ದಪ್ಪ ರಬ್ಬರು, ಮೆತ್ತನೆಯ ಬಟ್ಟೆಯ ಪಟ್ಟಿ, ಹಲ್ಲು ನುಣುಪಾಗಿರುವ ಅಗಲ ಕ್ಲಚ್ಚು ಸಾಕು. ತುದಿಯ ಗುಂಡು ಉದುರಿದ ಪಿನ್ನನ್ನು ಆಗಲೇ ಎಸೆಯಿರಿ, ಅದು ಕೂದಲನ್ನೂ ಸೀಳುತ್ತದೆ, ಚರ್ಮವನ್ನೂ ಗೀರುತ್ತದೆ. ಹೊಲದ ಕೆಲಸಕ್ಕೆ ಹೋಗುವವರಿಗೆ ರಬ್ಬರಿಲ್ಲದೆ ಕೂದಲನ್ನು ಕೂದಲಿನಲ್ಲೇ ಸುತ್ತಿ ಸಿಕ್ಕಿಸುವ ಹಳೆಯ ತುರುಬಿಗಿಂತ ಒಳ್ಳೆಯದಿಲ್ಲ. ಅದರ ಮೇಲೆ ಸೆರಗು ಅಥವಾ ಟವೆಲ್ಲು ಇರಲಿ, ಬಿಸಿಲು ಕೂದಲಿನ ಪ್ರೋಟೀನನ್ನು ಕೆಡಿಸುತ್ತದೆ. ಹೆಲ್ಮೆಟ್ಟಿನ ಒಳಗೆ ಮಾತ್ರ ತುರುಬು ಬೇಡ, ಕತ್ತಿನ ಹತ್ತಿರ ಸಡಿಲ ಜಡೆ.

ನಾಲ್ಕು: ಸಿಕ್ಕು ಬಿಡಿಸುವುದು

ಎಲ್ಲಕ್ಕಿಂತ ಹೆಚ್ಚು ಕೂದಲು ಹಾಳಾಗುವುದು ಇಲ್ಲಿ. ಬಸ್ಸಿಗೆ ಹತ್ತು ನಿಮಿಷ ಇರುವಾಗ ನೆತ್ತಿಯಿಂದ ತುದಿಗೆ ಒಂದೇ ಎಳೆತಕ್ಕೆ ಬಾಚಿದರೆ ಮೇಲಿನ ಸಣ್ಣ ಸಿಕ್ಕುಗಳೆಲ್ಲ ಕೆಳಗಿಳಿದು ಒಂದು ಗಂಟಾಗುತ್ತವೆ. ಗಂಟನ್ನು ಜಗ್ಗಿದಾಗ ಕೂದಲು ಅಲ್ಲೇ ತುಂಡಾಗುತ್ತದೆ. ತುದಿಯಿಂದ ಶುರು ಮಾಡಿ. ಒಂದು ಕೈಯಲ್ಲಿ ಜಡೆಯ ಭಾಗವನ್ನು ಸಿಕ್ಕಿಗಿಂತ ಮೇಲೆ ಹಿಡಿದುಕೊಂಡು, ದಪ್ಪ ಹಲ್ಲಿನ ಹಣಿಗೆಯಿಂದ ಕೊನೆಯ ನಾಲ್ಕು ಬೆರಳು ಬಿಡಿಸಿ, ಆಮೇಲೆ ಸ್ವಲ್ಪ ಸ್ವಲ್ಪವೇ ಮೇಲೆ ಹೋಗಿ. ಹೇನಿಗೆ ಬಳಸುವ ಸೀರಣಿಗೆಯನ್ನು ಸಿಕ್ಕು ಪೂರ್ತಿ ಬಿಟ್ಟ ಮೇಲಷ್ಟೇ, ಎಣ್ಣೆ ಹಚ್ಚಿದ ಕೂದಲಿಗಷ್ಟೇ ಹಾಕಬೇಕು.

ಇಲ್ಲಿ ಒಂದು ಮಾತು ನಿಂತು ಹೇಳಬೇಕಾಗಿದೆ. ದಿನವೂ ಉದುರುವ ಕೂದಲು ಬಾಚದಿದ್ದರೆ ಕೆಳಗೆ ಬೀಳುವುದಿಲ್ಲ, ಉಳಿದ ಕೂದಲಿಗೆ ಸುತ್ತಿಕೊಳ್ಳುತ್ತದೆ. ಎಣ್ಣೆ, ಬೆವರು, ದೂಳು ಸೇರಿದರೆ ಕಂಬಳಿಯ ಉಣ್ಣೆಯಂತೆ ಅಂಟಿ ಜಟೆಯಾಗುತ್ತದೆ. ತಲೆಗೆ ಬಟ್ಟೆ ಕಟ್ಟಿಕೊಂಡು ಮಲಗಿರುವ ಬಾಣಂತಿಯರಲ್ಲಿ, ಬಹಳ ದಿನ ಹಾಸಿಗೆ ಹಿಡಿದವರಲ್ಲಿ, ಯಾರೂ ತಲೆ ಬಾಚದ ಅನಾಥ ಮಕ್ಕಳಲ್ಲಿ ಇದು ಆಗುತ್ತದೆ. ಉತ್ತರ ಕರ್ನಾಟಕದಲ್ಲಿ ಇದನ್ನು ಸವದತ್ತಿಯ ಎಲ್ಲಮ್ಮ ತಾಯಿ ಬಂದ ಗುರುತೆಂದು ನಂಬಿ, ಎಷ್ಟೋ ಹುಡುಗಿಯರನ್ನು ದೇವದಾಸಿಯರಾಗಿ ಬಿಟ್ಟದ್ದುಂಟು. ಆ ಪದ್ಧತಿಯನ್ನು ತಡೆಯಲು ಕರ್ನಾಟಕದಲ್ಲಿ 1982ರ ಕಾಯ್ದೆಯೇ ಬಂತು. ಜಟೆ ಎಂಬುದು ಸಿಕ್ಕು, ಅಷ್ಟೆ. ಕೊಬ್ಬರಿ ಎಣ್ಣೆ ಅಥವಾ ಕಂಡೀಷನರ್ ಧಾರಾಳವಾಗಿ ಹಚ್ಚಿ, ಒಂದು ಗಂಟೆ ಬಿಟ್ಟು, ಬೆರಳಿನಿಂದ ಹೊರಗಿನ ಎಳೆಗಳನ್ನು ಒಂದೊಂದಾಗಿ ಬಿಡಿಸುತ್ತ ಬನ್ನಿ. ಒಂದೇ ದಿನದಲ್ಲಿ ಆಗಬೇಕೆಂದಿಲ್ಲ. ಬಿಡಿಸಲು ಬಾರದಷ್ಟು ಗಟ್ಟಿಯಾಗಿದ್ದರೆ ಕತ್ತರಿಸುವುದರಲ್ಲಿ ಯಾವ ದೋಷವೂ ಇಲ್ಲ, ಕೂದಲು ಮತ್ತೆ ಬರುತ್ತದೆ. ಮನೆಯಲ್ಲಿ ಹೆದರಿಕೆ ಇದ್ದರೆ ಆಶಾ ಕಾರ್ಯಕರ್ತೆಯನ್ನು ಕರೆದು ಅವರ ಎದುರಿಗೇ ಮಾಡಿ.

ಐದು: ತಲೆ ಎರೆದುಕೊಳ್ಳುವ ದಿನ

ನೀರು ಕುಡಿದ ಕೂದಲು ಹಿಗ್ಗುತ್ತದೆ, ಬಲ ಕಳೆದುಕೊಳ್ಳುತ್ತದೆ. ಬೆಳಿಗ್ಗೆ ಎರೆದುಕೊಂಡು ಒದ್ದೆ ಇರುವಾಗಲೇ ಜಡೆ ಜಗ್ಗಿ ಬಸ್ಸು ಹತ್ತುವುದು ನಮ್ಮ ಹುಡುಗಿಯರ ದೊಡ್ಡ ತೊಂದರೆ. ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಅಥವಾ ಭಾನುವಾರಕ್ಕೆ ಎರೆದುಕೊಳ್ಳುವುದನ್ನು ಬದಲಿಸಿ.

ಎರೆದುಕೊಳ್ಳುವ ಮುಂಚೆ, ಸಾಧ್ಯವಾದರೆ ಹಿಂದಿನ ರಾತ್ರಿ, ಕೂದಲಿನ ಉದ್ದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ. ಇದಕ್ಕೆ ಆಧಾರವಿದೆ: 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೊಬ್ಬರಿ ಎಣ್ಣೆ ಕೂದಲಿನ ಒಳಗೆ ಇಳಿದು, ತೊಳೆಯುವಾಗ ಪ್ರೋಟೀನು ನಷ್ಟವಾಗುವುದನ್ನು ಕಡಿಮೆ ಮಾಡಿತು. ಸೂರ್ಯಕಾಂತಿ ಎಣ್ಣೆಗೂ ಖನಿಜ ತೈಲಕ್ಕೂ ಆ ಗುಣ ಕಾಣಲಿಲ್ಲ. ಅಧ್ಯಯನ ಮಾಡಿದವರು ಕೊಬ್ಬರಿ ಎಣ್ಣೆ ಮಾರುವ ಮಾರಿಕೊ ಕಂಪನಿಯವರು ಎಂಬುದನ್ನೂ ಓದುಗರು ತಿಳಿದಿರಬೇಕು. ತಲೆಹೊಟ್ಟು ಇರುವವರು ನೆತ್ತಿಗೆ ಎಣ್ಣೆ ಹಚ್ಚಿ ದಿನಗಟ್ಟಲೆ ಬಿಡಬಾರದು, ಹೊಟ್ಟಿಗೆ ಕಾರಣವಾಗುವ ಶಿಲೀಂಧ್ರ ಎಣ್ಣೆಯನ್ನೇ ತಿಂದು ಬೆಳೆಯುತ್ತದೆ.

ಶಾಂಪೂ ಇರಲಿ, ಸೀಗೆಕಾಯಿ ಇರಲಿ, ಅಂಟುವಾಳ ಇರಲಿ, ನೆತ್ತಿಗೆ ಹಾಕಿ. ಕೂದಲನ್ನೆಲ್ಲ ತಲೆಯ ಮೇಲೆ ಗುಡ್ಡೆ ಹಾಕಿ ಬಟ್ಟೆ ಒಗೆದಂತೆ ತಿಕ್ಕಬೇಡಿ. ಒಂದೇ ಸಲದ ಅಂಥ ತಿಕ್ಕಾಟದಿಂದ ಬಿಡಿಸಲಾಗದ ಸಿಕ್ಕಾಗಿರುವುದುಂಟು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಮೈ ಸೋಪು ತಲೆಗೆ ಹಚ್ಚಿದರೆ ಕೂದಲಿಗೆ ಬಿಳಿ ಪುಡಿಯಂಥ ಕಸರು ಕೂತು ಒರಟಾಗುತ್ತದೆ, ಅಂಥ ಊರಲ್ಲಿ ಶಾಂಪೂವೇ ವಾಸಿ. ಆಮೇಲೆ ಹಳೆಯ ಮೆತ್ತನೆಯ ಹತ್ತಿ ಸೀರೆಯ ತುಂಡಿನಲ್ಲಿ ಒತ್ತಿ ನೀರು ತೆಗೆಯಿರಿ. ಒಣಗಿದ ಮೇಲೆ ಬಾಚಿ. ಒದ್ದೆ ಕೂದಲಿಗೆ ಸ್ಟ್ರೈಟನರ್ ಹಾಕಿದರೆ ಒಳಗಿನ ನೀರು ಕುದಿದು ಕೂದಲಿನಲ್ಲಿ ಗುಳ್ಳೆಗಳೇ ಏಳುತ್ತವೆ. ಉದ್ದ ಬಿಡುವ ವರ್ಷಗಳಲ್ಲಿ ಆ ಯಂತ್ರ ಮದುವೆಮನೆಗಷ್ಟೇ ಇರಲಿ.

ಮದುವೆಮನೆ ಅಂದ ಮೇಲೆ: ಮೊಗ್ಗಿನ ಜಡೆ, ಚೌರಿ, ಮಲ್ಲಿಗೆ ಅಬ್ಬಲಿಗೆಯ ದಂಡೆ ಒಂದು ದಿನಕ್ಕೆ ಏನೂ ಮಾಡವು. ಭಾರವನ್ನು ಹೆಣೆದ ಜಡೆಗೆ ಕಟ್ಟಿಸಿಕೊಳ್ಳಿ, ಬುಡದ ಸಣ್ಣ ಕೂದಲಿಗೆ ಬೇಡ. ಎಷ್ಟೇ ದಣಿದಿದ್ದರೂ ಪಿನ್ನು ತೆಗೆಯದೆ ಮಲಗಬೇಡಿ.

ಆರು: ತುದಿ ಮತ್ತು ಅಳತೆ

ತುದಿ ಕತ್ತರಿಸಿದರೆ ಕೂದಲು ಬೇಗ ಬೆಳೆಯುತ್ತದೆ ಎಂಬುದು ಸುಳ್ಳು. ಆದರೆ ಸೀಳಿದ ತುದಿಯನ್ನು ಹಾಗೇ ಬಿಟ್ಟರೆ ಸೀಳು ಮೇಲಕ್ಕೆ ಹರಿಯುತ್ತದೆ. ಸೀಳು ಕಂಡಾಗ ಒಂದು ಬೆರಳಿನ ಅಗಲ ತೆಗೆಸಿ, ಕಾಣದಿದ್ದರೆ ಮುಟ್ಟಬೇಡಿ. ಮೂರು ತಿಂಗಳಿಗೊಮ್ಮೆ ಟೈಲರ್ ಟೇಪಿನಿಂದ ಹಣೆಯ ಅಂಚಿನಿಂದ ತುದಿಯವರೆಗೆ ಅಳೆದು ಕ್ಯಾಲೆಂಡರಿನಲ್ಲಿ ಬರೆದಿಡಿ. ಕತ್ತರಿಸಿದ್ದು ಬಿಟ್ಟು ಸುಮಾರು 3 ಸೆಂ.ಮೀ. ಹೆಚ್ಚಾಗಿದ್ದರೆ ಎಲ್ಲ ಸರಿ. ಒಂದು ಕೂದಲು ಬೆಳೆಯುವ ಅವಧಿ 2ರಿಂದ 6 ವರ್ಷ, ಅದು ಹುಟ್ಟಿನಿಂದ ಬಂದದ್ದು. ಹಾಗಾಗಿ ಎಲ್ಲರ ಜಡೆಯೂ ಮೊಣಕಾಲು ಮುಟ್ಟುವುದಿಲ್ಲ, ಮುಟ್ಟದವರು ತಮ್ಮ ಆರೈಕೆಯನ್ನು ದೂರಿಕೊಳ್ಳಬೇಕಿಲ್ಲ.

ವೈದ್ಯರನ್ನು ಕಾಣುವುದು ಯಾವಾಗ

ಹಣೆಯ ಅಂಚು ಹಿಂದಕ್ಕೆ ಸರಿದು, ಮುಂದೆ ಸಣ್ಣ ಕೂದಲಿನ ಒಂದು ಸಾಲು ಮಾತ್ರ ಉಳಿದಿದ್ದರೆ ಅದು ಎಳೆತದ ಗುರುತು. ಕಿವಿಯ ಮೇಲೆ ಚರ್ಮ ಕಾಣುವಷ್ಟು ತೆಳುವಾಗಿದ್ದರೆ, ಬುಡದಲ್ಲಿ ಕೀವಿನ ಗುಳ್ಳೆ ಎದ್ದಿದ್ದರೆ, ದುಂಡಗೆ ಬೋಳಾಗಿದ್ದರೆ ಕಾಯಬೇಡಿ. ಮೊದಮೊದಲಿಗೆ ಎಳೆತ ನಿಲ್ಲಿಸಿದರೆ ಕೂದಲು ತಿರುಗಿ ಬರುತ್ತದೆ. ವರ್ಷಗಟ್ಟಲೆ ಬಿಟ್ಟು ಚರ್ಮ ನುಣುಪಾಗಿ ಹೊಳೆಯಲು ಶುರುವಾದರೆ ಬೇರೇ ಸತ್ತಿರುತ್ತದೆ, ಆಗ ಯಾವ ಔಷಧಕ್ಕೂ ಬರುವುದಿಲ್ಲ. ತಡಸದ ಕಡೆಯವರಿಗೆ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆ, ಹಾನಗಲ್, ಸವಣೂರು, ಹಿರೇಕೆರೂರಿನವರಿಗೆ ಹಾವೇರಿಯ ಜಿಲ್ಲಾ ಆಸ್ಪತ್ರೆ ಹತ್ತಿರ. ಚರ್ಮರೋಗ ವೈದ್ಯರನ್ನು ಕೇಳಿ. ಹೋಗುವ ದಿನ ತಲೆಗೆ ಎಣ್ಣೆ ಬೇಡ, ಬಣ್ಣ ಬೇಡ, ಸಡಿಲ ಜಡೆ ಇರಲಿ. ಆರು ತಿಂಗಳ ಹಿಂದಿನ ಫೋಟೊ ಮೊಬೈಲಿನಲ್ಲಿದ್ದರೆ ತೋರಿಸಿ, ಕಾಗದದಲ್ಲಿ ಕೂಡಿಟ್ಟ ಕೂದಲನ್ನೂ ಜೊತೆಗೆ ಒಯ್ಯಿರಿ.