ತಟ್ಟೆ ಬೇರೆ ಮಾಡಬೇಡಿ

ಆರ್.ಟಿ. ನಗರ

ಪುಟ್ಟಾ,

ನಿನ್ನಮ್ಮ ಸ್ಕ್ಯಾನಿಂಗ್ ರಿಪೋರ್ಟಿನ ಫೋಟೊ ಕಳಿಸಿದ್ದಳು. ಗ್ರೇಡ್ 1 ಫ್ಯಾಟಿ ಲಿವರ್. ಕುಡಿಯೋರಿಗೆ ಬರೋ ಕಾಯಿಲೆ ಹದಿಮೂರು ವರ್ಷದ ಹುಡುಗನಿಗೆ ಹೇಗೆ ಬಂತು ಅಂತ ನಿನ್ನ ಮಾವ ಫೋನಿನಲ್ಲೇ ಕೂಗಾಡಿದ. ಆ ಮಾತು ನಿನ್ನ ಕಿವಿಗೂ ಬಿದ್ದಿರುತ್ತೆ. ನಿನ್ನಂಥ ಮಕ್ಕಳು ನಿಮ್ಮ ಯಲಹಂಕದಲ್ಲಿ ಬೇಕಾದಷ್ಟು ಇರೋದರಿಂದ ಈ ಪತ್ರವನ್ನ ಪತ್ರಿಕೆಗೇ ಕೊಟ್ಟಿದ್ದೇನೆ. ಹೆಸರು ಹಾಕಿಲ್ಲ, ಹೆದರಬೇಡ.

ನಿನ್ನ ಕಾಯಿಲೆಗೂ ಹೆಂಡಕ್ಕೂ ಸಂಬಂಧವಿಲ್ಲ ಕಣೋ. ತಿಂದದ್ದು ಖರ್ಚಾಗದೆ ಮಿಕ್ಕರೆ ಲಿವರ್ ಅದನ್ನ ಕೊಬ್ಬು ಮಾಡಿ ತನ್ನೊಳಗೇ ಇಟ್ಟುಕೊಳ್ಳುತ್ತೆ. ಅದರಲ್ಲೂ ಸಕ್ಕರೆಯ ಅರ್ಧ ಭಾಗ ಫ್ರಕ್ಟೋಸ್, ಅದರ ಹೊರೆ ಬಹುಪಾಲು ಬೀಳೋದು ಲಿವರ್ ಮೇಲೇ. ನಮ್ಮ ದೇಶದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2022ರಲ್ಲಿ ದೆಹಲಿಯ ಏಮ್ಸ್ ವೈದ್ಯರು ಲೆಕ್ಕ ಹಾಕಿದಾಗ, ಬೊಜ್ಜಿರುವ ಮಕ್ಕಳಲ್ಲಿ 100ಕ್ಕೆ 60ಕ್ಕೂ ಹೆಚ್ಚು ಮಂದಿಗೆ ಇದು ಕಂಡಿತು. ನೋವಿಲ್ಲ, ಜ್ವರವಿಲ್ಲ. ಹಾಗೇ ಬಿಟ್ಟರೆ ಕೆಲವರಿಗೆ ಊತ ಬಂದು ಲಿವರ್ ಗಟ್ಟಿಯಾಗುತ್ತಾ ಹೋಗುತ್ತೆ. ನಿನ್ನ ಕತ್ತಿನ ಹಿಂದಿನ ಕಪ್ಪನ್ನ ಕೊಳೆ ಅಂತ ನಿನ್ನಮ್ಮ ಕಡಲೆಹಿಟ್ಟು ಹಾಕಿ ಉಜ್ಜುತ್ತಾಳಲ್ಲ, ಅದು ಕೊಳೆಯಲ್ಲ. ಮೈಯಲ್ಲಿ ಇನ್ಸುಲಿನ್ ಏರಿದೆ ಅನ್ನೋದರ ಗುರುತು. ಉಜ್ಜಿದರೆ ಚರ್ಮ ಉರಿಯುತ್ತೆ ಅಷ್ಟೆ.

ಒಂದು ಒಳ್ಳೆ ಸುದ್ದಿ. ಇದೇ ಕಾಯಿಲೆಯ, 11ರಿಂದ 16 ವಯಸ್ಸಿನ 40 ಹುಡುಗರ ಮೇಲೆ ಅಮೆರಿಕದ ವೈದ್ಯರು ನಡೆಸಿದ ಅಧ್ಯಯನವೊಂದು 2019ರಲ್ಲಿ ಬಂತು. ಅರ್ಧ ಹುಡುಗರಿಗೆ ಸಕ್ಕರೆ ತೀರಾ ಕಡಿಮೆಯ ಊಟ, ಜ್ಯೂಸ್ ಕೂಡ ಬಂದ್. ಎಂಟು ವಾರಕ್ಕೆ ಅವರ ಲಿವರ್‌ನ ಕೊಬ್ಬು ಸರಾಸರಿ ಶೇ 25ರಿಂದ 17ಕ್ಕೆ ಇಳಿಯಿತು. ಎಂದಿನಂತೆ ಉಂಡವರದ್ದು 21ರಿಂದ 20. ನನಗೆ ಹಿಡಿಸಿದ್ದು ಇನ್ನೊಂದು ವಿಷಯ: ಆ ಊಟ ಕೊಟ್ಟದ್ದು ಹುಡುಗನಿಗಷ್ಟೇ ಅಲ್ಲ, ಮನೆಮಂದಿಗೆಲ್ಲ.

ನಿಮ್ಮ ಮನೆಯಲ್ಲಿ ನಡೀತಿರೋದು ಉಲ್ಟಾ. ನಿನ್ನಪ್ಪ ಹೆಬ್ಬಾಳ ಫ್ಲೈಓವರ್ ದಾಟಿ ಬರೋದು ಒಂಬತ್ತೂವರೆಗೆ, ಆಮೇಲೆ ಆನ್‌ಲೈನ್ ಆರ್ಡರ್. ನಿನಗೆ ಎರಡು ಚಪಾತಿ, ಸೌತೆಕಾಯಿ. ಮಿಕ್ಕವರಿಗೆ ಬಿರಿಯಾನಿ, ಪಕ್ಕದಲ್ಲಿ ಎರಡು ಲೀಟರಿನ ಕೂಲ್‌ಡ್ರಿಂಕ್ ಬಾಟಲಿ. ಯಾವ ಹುಡುಗ ತಡೆದುಕೊಳ್ಳುತ್ತಾನೆ? ಟ್ಯೂಷನ್ ಮುಗಿಸಿ ಬೇಕರಿಗೆ ನುಗ್ಗಿ ಹನಿ ಕೇಕ್ ತಿಂದೇ ತಿನ್ನುತ್ತಾನೆ. ಆ ಪಾನೀಯದ 250 ಎಂಎಲ್‌ನಲ್ಲೇ 25 ಗ್ರಾಂನಷ್ಟು ಸಕ್ಕರೆ, ಐದಾರು ಚಮಚ. ಬಾಟಲಿ ಮನೆಗೇ ಬರಬಾರದು, ಯಾರಿಗೂ. ಇದನ್ನ ನಿನ್ನ ಅಪ್ಪ ಅಮ್ಮನಿಗೆ ಓದಿ ಹೇಳು.

ನೀನು ಊಟ ಬಿಡಬೇಡ. ಬೆಳೆಯೋ ವಯಸ್ಸು. ತೂಕ ಏರದೆ ನಿಂತು ಎತ್ತರ ಬೆಳೆದರೂ ಎಷ್ಟೋ ಮಕ್ಕಳಿಗೆ ಲಾಭವೇ. ಜಿಮ್ ಪುಡಿ, ಲಿವರ್ ಟಾನಿಕ್ ಬೇಡ. ಕಾಮಾಲೆಗೆ ಆಗುತ್ತಂತೆ ಅಂತ ನೆಲನೆಲ್ಲಿ ಕಷಾಯ ತರೋರಿಗೆ ಕೈಮುಗಿ. ಮಕ್ಕಳ ಫ್ಯಾಟಿ ಲಿವರ್‌ಗೆ ಅಂತಲೇ ಒಪ್ಪಿಗೆ ಪಡೆದ ಔಷಧಿ ಇನ್ನೂ ಇಲ್ಲ. (ರಾಗಿ ಬಿಸ್ಕತ್ತು ಅನ್ನೋದನ್ನೂ ನಂಬಬೇಡ, ಪೊಟ್ಟಣದ ಹಿಂದೆ ಓದು. ಮೈದಾ, ಸಕ್ಕರೆ ಆದ ಮೇಲೆ ರಾಗಿಯ ಹೆಸರು ಬಂದಿದ್ದರೆ ಅಲ್ಲೇ ಇಡು.) ದಿನಕ್ಕೆ ಒಂದು ಗಂಟೆ ಬೆವರು ಬರೋ ಹಾಗೆ ಆಡು. ಆಟ ಬರಲ್ಲ ಅಂದರೆ ತಂಗಿಯನ್ನ ಕರಕೊಂಡು ಅಲ್ಲಾಳಸಂದ್ರ ಕೆರೆ ಸುತ್ತು.

ಮತ್ತೆ ರಕ್ತ ಪರೀಕ್ಷೆಗೆ ಹೋದಾಗ ಎಸ್‌ಜಿಪಿಟಿ ಅನ್ನೋ ಲಿವರ್ ಕಿಣ್ವ ಎಷ್ಟಿದೆ ಅಂತ ನೀನೇ ಕೇಳು. ಲ್ಯಾಬಿನ ಹಾಳೆಯಲ್ಲಿ 40ರವರೆಗೂ ನಾರ್ಮಲ್ ಅಂತ ಇರಬಹುದು. ಉತ್ತರ ಅಮೆರಿಕದ ಮಕ್ಕಳ ಲಿವರ್ ತಜ್ಞರ 2017ರ ಮಾರ್ಗಸೂಚಿ ಹಿಡಿದರೆ ಹುಡುಗರಿಗೆ 26, ಹುಡುಗಿಯರಿಗೆ 22 ಮಿತಿ. ಬೇರೆ ಲಿವರ್ ಕಾಯಿಲೆ ಇಲ್ಲ ಅಂತ ಡಾಕ್ಟರ್ ನೋಡಿದ್ದಾರಾ, ಅದನ್ನೂ ಕೇಳು. ಅದೇ ದಿನ ನಿನ್ನಪ್ಪನದ್ದೂ ಪರೀಕ್ಷೆ ಆಗಲಿ, ಅವನ ಹೊಟ್ಟೆ ನಿನ್ನದಕ್ಕಿಂತ ಮುಂದಿದೆ.

ಇಂತಿ,
ಅಜ್ಜಿ