ಹಳೇ ಸೈಕಲ್ ರಿಪೇರಿ: ಸಾಲ ಕೊಡುವ ಮೊದಲು ನಂಬರ್ ನೋಡಿ



ಕಳೆದ ಮಳೆಗಾಲಕ್ಕೆ ಮೊದಲು ನಮ್ಮ ಒಂದು ಸಂಘದ ಸಭೆಯಲ್ಲಿ ಸದಸ್ಯೆಯೊಬ್ಬರು ಆಂತರಿಕ ಸಾಲ ಕೇಳಿದರು. "ಯಾತಕ್ಕೆ?" ಅಂದಾಗ, "ಮಗಳ ಹಳೇ ಸೈಕಲ್ ರಿಪೇರಿ ಮಾಡಿಸಬೇಕು ಸಿಸ್ಟರ್. ಡೈರಿಗೆ ಹಾಲು ಕೊಂಡುಹೋಗಲಿಕ್ಕೆ ನನಗೇ ಬೇಕು" ಅಂದರು. 2006-07ರಲ್ಲಿ ನಮ್ಮ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತು. ಆಮೇಲಿನ ವರ್ಷಗಳಲ್ಲಿ ಹಾಗೆ ಬಂದ ಎಷ್ಟೋ ಸೈಕಲ್‌ಗಳು ಇವತ್ತು ಕೊಟ್ಟಿಗೆಯಲ್ಲಿ ಸೌದೆಯ ಜೊತೆ ನಿಂತಿವೆ. ಇದೂ ಅಂಥದ್ದೇ. ಎಲ್ಲರೂ ಒಪ್ಪಿ ಸಾಲ ಕೊಟ್ಟೆವು.

ಮುಂದಿನ ವಾರ ಅವರ ಮುಖ ಸಣ್ಣದಾಗಿತ್ತು. ಅಂಗಡಿಯಲ್ಲಿ "26ರ ಟಯರು ಕೊಡಿ" ಅಂದಿದ್ದರು, 26 ಅಂತ ಬರೆದದ್ದನ್ನೇ ಕೊಟ್ಟಿದ್ದರು. ಆದರೆ ರಿಮ್ಮಿಗೆ ಏರಲಿಲ್ಲ. ಎಳೆದಾಡಿ ಮಣ್ಣು ಮಾಡಿದ್ದರಿಂದ ವಾಪಸೂ ತೆಗೆದುಕೊಳ್ಳಲಿಲ್ಲ. ಸಾಲ ಕೊಟ್ಟ ದಿನ ನಾನೂ ಅಲ್ಲೇ ಕೂತಿದ್ದೆ, ಕೇಳಬೇಕಾದ ಪ್ರಶ್ನೆ ಕೇಳಲಿಲ್ಲ. ಅದಕ್ಕೇ ಈ ಪಾಠ.

26 ಇಂಚು ಅನ್ನುವುದು ಒಂದೇ ಅಳತೆ ಅಲ್ಲ. 26 x 1 3/8 ಅಂತ ಬರೆದ ಟಯರು ಕೂರುವ ರಿಮ್ಮಿನ ಅಳತೆ 590 ಮಿ.ಮೀ. 26 x 1 1/2 ಅಂದರೆ ಸಾಮಾನ್ಯವಾಗಿ 584. ದಪ್ಪ ಟಯರಿನ 26 x 1.75 ಅಂದರೆ 559. ಹೆಸರು ಒಂದೇ, ಅಳತೆಯಲ್ಲಿ ಮೂರು ಸೆಂಟಿಮೀಟರ್‌ವರೆಗೆ ವ್ಯತ್ಯಾಸ! ಏರದ ಟಯರಿನಿಂದ ದುಡ್ಡು ಮಾತ್ರ ಹೋಗುತ್ತದೆ. 584ರ ರಿಮ್ಮಿಗೆ 590ರ ಟಯರು ಹಾಕಿದರೆ ಕೈಯಲ್ಲೇ ಸಲೀಸಾಗಿ ಕೂರುತ್ತದೆ, ಗಾಳಿ ತುಂಬಿದ ಮೇಲೆ ದಾರಿಯಲ್ಲಿ ಕಳಚಿಕೊಳ್ಳುತ್ತದೆ. ಅದು ಹೆಚ್ಚು ಅಪಾಯ. ಹಳೇ ಟಯರಿನ ಬದಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ನೋಡಿ, 37-590 ಎಂಬಂಥ ನಂಬರ್ ಇರುತ್ತದೆ. ಮೊದಲಿನದು ಅಗಲ, ಎರಡನೆಯದು ರಿಮ್ಮಿನ ಅಳತೆ. ಎರಡನೆಯದು ಸರಿಯಾಗಿ ಅದೇ ಇರಬೇಕು. ಅಕ್ಷರ ಅಳಿಸಿದ್ದರೆ ಚಕ್ರವನ್ನೇ ಬಿಚ್ಚಿ ಅಂಗಡಿಗೆ ಒಯ್ಯಿರಿ, ನಾಚಿಕೆ ಬೇಡ.

ಇದಕ್ಕೂ ಮೊದಲು ಫ್ರೇಮ್ ನೋಡಬೇಕು. ಕೊಳವೆಗಳು ಕೂಡುವಲ್ಲಿ ಬಿರುಕು ಬಿಟ್ಟಿದ್ದರೆ, ಮುಂದಿನ ಫೋರ್ಕ್ ಬಾಗಿದ್ದರೆ ಅಂಥ ಸೈಕಲ್‌ಗೆ ಸಾಲ ಬೇಡ, ಗುಜರಿಗೆ ಹಾಕಿ. ಮೇಲಿನ ತುಕ್ಕಿಗೆ ಹೆದರಬೇಕಾಗಿಲ್ಲ.

ಚೈನು ಸವೆದಿದೆಯಾ ಅಂತ ತಿಳಿಯಲು ಮಕ್ಕಳ ಒಂದಡಿ ಸ್ಕೇಲು ಸಾಕು. ಚೈನಿನ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು. ಹಾಗಾಗಿ ಒಂದು ಪಿನ್ನಿನ ನಡುವಿಗೆ ಸೊನ್ನೆ ಇಟ್ಟರೆ ಇಪ್ಪತ್ತನಾಲ್ಕನೇ ಪಿನ್ನಿನ ನಡು ಸರಿಯಾಗಿ 12 ಇಂಚಿಗೆ ಬರಬೇಕು (ಸೊನ್ನೆಯ ಪಿನ್ನು ಲೆಕ್ಕಕ್ಕಿಲ್ಲ). ಇಂಚಿನ ಎಂಟನೇ ಒಂದು ಭಾಗ ಮುಂದೆ ಹೋಗಿದ್ದರೆ ಚೈನಿನ ಜೊತೆ ಹಿಂದಿನ ಫ್ರೀ ವೀಲಿನ ಹಲ್ಲುಗಳೂ ಸವೆದಿರುತ್ತವೆ. ಹೊಸ ಚೈನು ಮಾತ್ರ ಹಾಕಿದರೆ ಹತ್ತು ಏರುವಾಗ ಜಾರುತ್ತದೆ. ಎರಡನ್ನೂ ಸೇರಿಸಿಯೇ ಲೆಕ್ಕ ಹಾಕಿ. ಗೇರ್ ಇಲ್ಲದ ಸೈಕಲ್‌ನ ಚೈನು ಅಗಲ, ಗೇರ್ ಸೈಕಲ್‌ನದು ಸಪೂರ. ಅದನ್ನೂ ಹೇಳಿ ಕೇಳಿ.

ಎಡಗಡೆ ಪೆಡಲಿನ ಮರೆ ತಿರುಗು ಮುರುಗು. ಬಿಗಿ ಮಾಡಲು ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ತಿರುಗಿಸಬೇಕು. ಬಲದ್ದನ್ನು ಎಡಕ್ಕೆ ಬಲವಂತವಾಗಿ ಹಾಕಿ ಕ್ರ್ಯಾಂಕಿನ ಮರೆಯನ್ನೇ ಹಾಳು ಮಾಡಿದವರಿದ್ದಾರೆ.

ಬ್ರೇಕಿನ ವಿಷಯದಲ್ಲಿ ಉಳಿತಾಯ ಬೇಡ. ಹಳೇ ಕಂಬಿ ಬ್ರೇಕಿನ ರಬ್ಬರು ರಿಮ್ಮನ್ನು ಒಳಮೈಯಲ್ಲಿ, ಕಡ್ಡಿಗಳು ಸೇರುವ ಕಡೆ, ಒತ್ತುತ್ತದೆ. ವಯರ್ ಬ್ರೇಕಿನದು ಎರಡೂ ಪಕ್ಕಗಳಿಂದ ಒತ್ತುತ್ತದೆ. ಕಂಬಿ ಬ್ರೇಕಿನ ರಿಮ್ಮಿಗೆ ಸಪಾಟಾದ ಪಕ್ಕವೇ ಇಲ್ಲ. ಆದ್ದರಿಂದ "ವಯರ್ ಬ್ರೇಕ್ ಹಾಕಿಕೊಡುತ್ತೇನೆ" ಅಂದರೆ "ರಿಮ್ಮು ಸರಿಯಾಗುತ್ತದಾ ಅಣ್ಣಾ?" ಎಂದು ಕೇಳಿ. ಮಿನುಗುವ ಸ್ಟೀಲ್ ರಿಮ್ಮು ಮಳೆಯಲ್ಲಿ ಒದ್ದೆಯಾದರೆ ಬ್ರೇಕ್ ಬೇಗ ಹಿಡಿಯುವುದಿಲ್ಲ. ಹಾಲಿನ ಕ್ಯಾನು ಕಟ್ಟಿಕೊಂಡು ಇಳಿಜಾರು ಇಳಿಯುವವರು ಇದನ್ನು ಮರೆಯಬಾರದು.

ಈಗ ಆ ಸಂಘದಲ್ಲಿ ಸೈಕಲ್ ಸಾಲ ಕೇಳುವವರು ಟಯರಿನ ನಂಬರ್, ಚೈನಿನ ಅಳತೆ, ಬ್ರೇಕಿನ ಬಗೆ ಬರೆದು ತರುತ್ತಾರೆ. ಅಂಗಡಿಯವರ ಅಂದಾಜು ಚೀಟಿಯನ್ನೂ ನಡಾವಳಿ ಪುಸ್ತಕಕ್ಕೆ ಅಂಟಿಸುತ್ತಾರೆ. ಆ ಸಹೋದರಿ 590ರ ಟಯರು ಹಾಕಿಸಿಕೊಂಡು ಈಗ ದಿನಾ ಡೈರಿಗೆ ಹೋಗುತ್ತಿದ್ದಾರೆ. ಕೂರದ ಟಯರು ಮಾತ್ರ ಅವರ ಮನೆಯ ಗೋಡೆಯಲ್ಲಿ ನೇತಾಡುತ್ತಿದೆ. ಅದರ ಮೇಲೆ 47-559 ಅಂತಿದೆ. ನಿಮ್ಮಲ್ಲಿ ಯಾರಿಗಾದರೂ ಆಗುವುದಾದರೆ ತಿಳಿಸಿ, ಅರ್ಧ ಬೆಲೆಗೆ ಕೊಡುತ್ತಾರಂತೆ.