ಡ್ರೋನ್ ಎತ್ತುವ ಮೊದಲು ತಲೆಯ ಮೇಲಿನ ಬಣ್ಣ ನೋಡಿ

ರಂಜಾನ್ ಸಂಜೆಯ ಮಾಸ್ಕ್ ರೋಡ್, ಹಲಸೂರು ಸೋಮೇಶ್ವರನ ತೇರು, ಸೆಪ್ಟೆಂಬರ್ 8ರಂದು ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾ ಹಬ್ಬ. ಮೇಲಿನಿಂದ ಚಿತ್ರೀಕರಿಸಲು ಬೆಂಗಳೂರಿನ ಪುಲಿಕೇಶಿನಗರದ ಸುತ್ತಮುತ್ತ ವಿಷಯಕ್ಕೆ ಬರವಿಲ್ಲ. ಮದುವೆ ವಿಡಿಯೊ ಮಾಡುತ್ತಿದ್ದವರಿಗೆ ಈಗ ಗೋದಾಮು, ಕಾರ್ಖಾನೆ, ತೈಲ ಡಿಪೊಗಳ ಕೆಲಸವೂ ಸಿಗತೊಡಗಿದೆ. ನೆಲದ ಮೇಲೆ ಗೇಟು, ಕಾಂಪೌಂಡು ಕಣ್ಣಿಗೆ ಕಾಣುತ್ತವೆ. ಆಕಾಶದ ಬೇಲಿ ಕಾಣುವುದಿಲ್ಲ. ಅದನ್ನು ಓದುವ ಕ್ರಮ ಇಲ್ಲಿದೆ.

1. ನಕ್ಷೆ ತೆರೆಯಿರಿ

2021ರ ಆಗಸ್ಟ್ 25ರಂದು ಹೊರಬಂದ ಡ್ರೋನ್ ನಿಯಮಗಳು ದೇಶದ ಆಕಾಶವನ್ನು ಮೂರು ಬಣ್ಣಗಳಲ್ಲಿ ಹಂಚಿವೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನಾಗರಿಕ ವಿಮಾನಯಾನ ಸಚಿವಾಲಯದ ‘ಡಿಜಿಟಲ್ ಸ್ಕೈ’ ತಾಣದಲ್ಲಿ ನಕ್ಷೆಯೂ ಬಂತು. ಹಸಿರು ವಲಯದಲ್ಲಿ ನೆಲದಿಂದ 120 ಮೀಟರ್‌ವರೆಗೆ ಹಾರಿಸಲು ಅನುಮತಿ ಬೇಡ. ಹಳದಿಯಲ್ಲಿ ಸಂಬಂಧಪಟ್ಟ ವಾಯು ಸಂಚಾರ ನಿಯಂತ್ರಣದ, ಅಂದರೆ ಎಟಿಸಿಯ ಒಪ್ಪಿಗೆ ಬೇಕು. ಕೆಂಪಿನಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಹಾರಿಸುವಂತೆಯೇ ಇಲ್ಲ.

ಮಿಲಿಟರಿ ಜಾಗದಿಂದ 3 ಕಿ.ಮೀ., ಆಯಕಟ್ಟಿನ ಸ್ಥಾವರದಿಂದ 2 ಕಿ.ಮೀ. ಎಂಬ ಪಟ್ಟಿಯೊಂದು ವಾಟ್ಸ್ಆ್ಯಪ್‌ನಲ್ಲಿ ಇನ್ನೂ ಓಡಾಡುತ್ತಿದೆ. ಅದು 2018ರ ನಿಯಮದ್ದು. ಈಗ ನಕ್ಷೆ ಹೇಳಿದ್ದೇ ಲೆಕ್ಕ.

2. ಹಳೇ ಏರ್‌ಪೋರ್ಟ್ ಮುಚ್ಚಿಲ್ಲ

ನಮ್ಮ ಕಡೆಯವರು ಎಡವುವುದು ಹೆಚ್ಚಾಗಿ ಇಲ್ಲೇ. 2008ರ ಮೇನಲ್ಲಿ ಪ್ರಯಾಣಿಕರ ವಿಮಾನಗಳು ದೇವನಹಳ್ಳಿಗೆ ಹೋದವು, ಎಚ್‌ಎಎಲ್ ವಿಮಾನ ನಿಲ್ದಾಣ ಎಲ್ಲಿಗೂ ಹೋಗಲಿಲ್ಲ. ತೇಜಸ್ ಯುದ್ಧವಿಮಾನ ಮತ್ತು ಹೆಲಿಕಾಪ್ಟರ್‌ಗಳ ಪರೀಕ್ಷಾ ಹಾರಾಟ, ಗಣ್ಯರ ವಿಮಾನಗಳ ಓಡಾಟ ಅಲ್ಲಿ ಈಗಲೂ ಇದೆ. ಚಾಲ್ತಿಯಲ್ಲಿರುವ ನಿಲ್ದಾಣದ ಗಡಿಯಿಂದ 5ರಿಂದ 8 ಕಿ.ಮೀ. ನಡುವೆ ನೆಲದಿಂದಲೇ ಹಳದಿ ಶುರು, ಅದಕ್ಕಿಂತ ಹತ್ತಿರ ಕೆಂಪು. 8ರಿಂದ 12 ಕಿ.ಮೀ. ನಡುವೆ 60 ಮೀಟರ್‌ವರೆಗೆ ಹಸಿರು, ಅದರ ಮೇಲೆ ಹಳದಿ.

ಇಂದಿರಾನಗರ, ಹಲಸೂರು, ಕೆ.ಆರ್. ಪುರ ಬಿಡಿ, ಪುಲಿಕೇಶಿನಗರವೂ ಆ 8 ಕಿ.ಮೀ. ಒಳಗೇ ಬರುತ್ತದೆ. ಹಲಸೂರು ಕೆರೆಯ ಸುತ್ತ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಸೇನಾ ಜಾಗ ಬೇರೆ. ಹಾಗಾಗಿ ಮನೆಯ ತಾರಸಿಯಿಂದ ‘ಸುಮ್ಮನೆ ಐದು ನಿಮಿಷ’ ಹಾರಿಸುವ ಆಸೆ ಬಿಡಿ. 250 ಗ್ರಾಂ ಒಳಗಿನ ಪುಟ್ಟ ಡ್ರೋನ್‌ಗೆ ಪೈಲಟ್ ಪ್ರಮಾಣಪತ್ರ ಬೇಡ, ನಿಜ. ಆದರೆ ಆಕಾಶದ ಬಣ್ಣ ಅದಕ್ಕೂ ಒಂದೇ. ಕೈಗೆ ಅನುಮತಿ ಬರುವ ಮೊದಲು ಮದುವೆ ಮನೆಯವರಿಗೆ ‘ಡ್ರೋನ್ ಶಾಟ್’ ಕೊಡುತ್ತೇವೆಂದು ಮುಂಗಡ ಪಡೆಯಬೇಡಿ.

ದುಬೈಯಿಂದ ಚಿಕ್ಕಪ್ಪ ತಂದ ಡ್ರೋನ್ ಆದರೆ ಕಷ್ಟ ಇನ್ನೂ ಹಿಂದಿನಿಂದಲೇ ಶುರು. ಸಂಶೋಧನೆ, ರಕ್ಷಣೆ, ಭದ್ರತೆಗಳ ಹೊರತು ವಿದೇಶಿ ಡ್ರೋನ್ ಆಮದನ್ನು 2022ರ ಫೆಬ್ರುವರಿಯಲ್ಲೇ ನಿಷೇಧಿಸಲಾಗಿದೆ.

3. ಎತ್ತರವನ್ನು ಎಲ್ಲಿಂದ ಅಳೆದಿದ್ದಾರೆ?

ಡ್ರೋನ್‌ನ 120 ಮೀಟರ್ ಎಂದರೆ ಕಾಲ ಕೆಳಗಿನ ನೆಲದಿಂದ. ವಿಮಾನದವರ ನಕ್ಷೆಯಲ್ಲಿ ಎತ್ತರವನ್ನು ಸಾಮಾನ್ಯವಾಗಿ ಸಮುದ್ರಮಟ್ಟದಿಂದ ಬರೆದಿರುತ್ತಾರೆ. ಎಚ್‌ಎಎಲ್ ರನ್‌ವೇಯೇ ಸಮುದ್ರಮಟ್ಟದಿಂದ ಸುಮಾರು 2,900 ಅಡಿ ಮೇಲಿದೆ. ನಕ್ಷೆಯಲ್ಲಿ ‘3,000 ಅಡಿ’ ಎಂದಿದ್ದರೆ ನಮ್ಮೂರಲ್ಲಿ ಅದು ಹೆಚ್ಚುಕಡಿಮೆ ತೆಂಗಿನಮರದ ಎತ್ತರ.

ಆ ನಕ್ಷೆಗಳಲ್ಲಿ ಪಿ, ಆರ್, ಡಿ ಎಂಬ ಅಕ್ಷರಗಳೂ ಸಿಗುತ್ತವೆ: ನಿಷೇಧಿತ, ನಿರ್ಬಂಧಿತ, ಅಪಾಯದ ಪ್ರದೇಶ. ಕಲ್ಪಾಕ್ಕಂ ಅಣುಸ್ಥಾವರ, ಮಥುರಾ ತೈಲ ಸಂಸ್ಕರಣಾಗಾರದಂಥ ಕಡೆ ಡ್ರೋನ್ ಇರಲಿ, ವಿಮಾನಕ್ಕೂ ದಾರಿಯಿಲ್ಲ.

4. ಡಿಪೊ ಕೆಲಸಕ್ಕೆ ಎರಡು ಬೀಗ

ನಗರದ ಪೂರ್ವಕ್ಕೆ, ಹೊಸಕೋಟೆ ತಾಲ್ಲೂಕಿನ ದೇವನಗೊಂದಿಯಲ್ಲಿ ತೈಲ ಕಂಪನಿಗಳ ದೊಡ್ಡ ಟರ್ಮಿನಲ್‌ಗಳಿವೆ. ಮಂಗಳೂರಿನಿಂದ ಹಾಸನದ ಮೇಲೆ ಬರುವ ಕೊಳವೆ ಮಾರ್ಗ ಮುಗಿಯುವುದೂ ಅಲ್ಲೇ. ಎಚ್‌ಎಎಲ್ ಗಡಿಯಿಂದ ಅದು 12 ಕಿ.ಮೀ.ಗಿಂತ ಆಚೆ. ‘ಏರ್‌ಪೋರ್ಟ್ ದೂರ, ಹಾಗಾದರೆ ಹಸಿರೇ’ ಎಂದು ಹೊರಟವರು ನಕ್ಷೆಯಲ್ಲಿ ಆ ಜಾಗವನ್ನೇ ದೊಡ್ಡದು ಮಾಡಿ ನೋಡಬೇಕು. ಸ್ಥಾವರಕ್ಕೆಂದೇ ಪ್ರತ್ಯೇಕ ಕೆಂಪು ಗುರುತು ಇರಬಹುದು.

ಹಸಿರೇ ಇದ್ದರೂ ಅದು ಮೊದಲ ಬೀಗ ಮಾತ್ರ. ಎರಡನೆಯದು ಕಂಪನಿಯ ಸುರಕ್ಷತಾ ವಿಭಾಗದ ಕೈಯಲ್ಲಿದೆ. ಕಾರಣ ತಿಳಿಯಬೇಕಾದರೆ 2009ರ ಅಕ್ಟೋಬರ್ 29ರ ಜೈಪುರವನ್ನು ನೋಡಿ. ಸೀತಾಪುರದ ಡಿಪೊದಲ್ಲಿ ಪೆಟ್ರೋಲ್ ಸೋರಿತು, ಒಂದು ಗಂಟೆಗೂ ಹೆಚ್ಚು ಕಾಲ ಆವಿ ಹಬ್ಬಿತು, ಆಮೇಲೆ ಎಲ್ಲಿಯದೋ ಒಂದು ಕಿಡಿ ತಗುಲಿತು. 11 ಜನ ಸತ್ತರು. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಮೇಲೆ ಹೋಗಿ ಕರಗುವ ಬದಲು ಚರಂಡಿ, ತಗ್ಗುಗಳಲ್ಲಿ ನೆಲಹಿಡಿದು ಸಾಗುತ್ತದೆ. ಮೊಬೈಲ್ ಫೋನನ್ನೇ ಗೇಟಿನಲ್ಲಿ ಬಿಟ್ಟುಹೋಗಬೇಕಾದ ಜಾಗಕ್ಕೆ ಲಿಥಿಯಂ ಬ್ಯಾಟರಿ, ಬಿಸಿ ಮೋಟಾರು ಹೊತ್ತ ಯಂತ್ರ ಬೀಳುವುದನ್ನು ಊಹಿಸಿಕೊಳ್ಳಿ. ಭದ್ರತೆಯ ಭಯವೂ ಸುಮ್ಮನೆ ಹುಟ್ಟಿದ್ದಲ್ಲ. 2022ರ ಜನವರಿ 17ರಂದು ಅಬುಧಾಬಿಯ ಮುಸಫ್ಫಾದಲ್ಲಿ ತೈಲ ಸಂಗ್ರಹಾಗಾರದ ಬಳಿ ನಡೆದ ದಾಳಿಯಲ್ಲಿ ಮೂರು ಟ್ಯಾಂಕರ್‌ಗಳು ಸಿಡಿದವು. ಸತ್ತ ಮೂವರಲ್ಲಿ ಇಬ್ಬರು ಭಾರತೀಯರು.

ಕಂಪನಿಯಿಂದ ಲಿಖಿತ ಕೆಲಸದ ಪರವಾನಗಿ ಪಡೆಯಿರಿ. ಬಾಯಿಮಾತಿನ ‘ಬನ್ನಿ, ಮಾಡಿ’ ಸಾಲದು. ಎಲ್ಲಿಂದ ಏರಿಸಬೇಕು, ಯಾವ ಟ್ಯಾಂಕಿನ ಮೇಲೆ ಹಾರಬಾರದು, ಟ್ಯಾಂಕರ್ ತುಂಬುವ ಹೊತ್ತು ಯಾವುದು ಎಂಬುದನ್ನು ಅದರಲ್ಲಿ ಬರೆಸಿಕೊಳ್ಳಿ. ದುಡ್ಡಿಗಾಗಿ ಹಾರಿಸುವಾಗ 250 ಗ್ರಾಂ ಮೀರಿದ ಡ್ರೋನ್‌ಗೆ ಪೈಲಟ್ ಪ್ರಮಾಣಪತ್ರವೂ ಮೂರನೆಯವರಿಗೆ ರಕ್ಷಣೆ ಕೊಡುವ ವಿಮೆಯೂ ಬೇಕು.

5. ಹೊರಡುವ ಬೆಳಿಗ್ಗೆ ಮತ್ತೊಮ್ಮೆ

ನಿನ್ನೆಯ ಹಸಿರು ಇಂದು ಕೆಂಪಾಗಬಹುದು. ರಾಜ್ಯ ಸರ್ಕಾರ ಅಥವಾ ಪೊಲೀಸರು ಒಮ್ಮೆಗೆ ಗರಿಷ್ಠ 96 ಗಂಟೆಗಳ ತಾತ್ಕಾಲಿಕ ಕೆಂಪು ವಲಯ ಘೋಷಿಸಬಹುದು. ಎಸ್‌ಪಿ ದರ್ಜೆಗಿಂತ ಕೆಳಗಿನ ಅಧಿಕಾರಿಗೆ ಆ ಅಧಿಕಾರವಿಲ್ಲ. ಯಲಹಂಕದ ಏರ್ ಶೋ, ಗಣ್ಯರ ಭೇಟಿ, ಎಲ್ಲೋ ಒಂದು ಬೆಂಕಿ ಅವಘಡ, ಯಾವುದೂ ನೆಪವಾಗಬಹುದು. ಹಾರಿಸುವ ಮುನ್ನ ತಾಣವನ್ನು ನೋಡುವುದು ನಿಯಮದ ಪ್ರಕಾರ ಕಡ್ಡಾಯ. ನಿಯಮ ಮೀರಿದರೆ ದಂಡ ಒಂದು ಲಕ್ಷ ರೂಪಾಯಿವರೆಗೆ.

6. ಒಳಗೆ ಬಿದ್ದೇಬಿಟ್ಟರೆ

ಕಾಂಪೌಂಡು ಹತ್ತಬೇಡಿ, ಎತ್ತಿಕೊಳ್ಳಲು ಇನ್ನೊಂದು ಡ್ರೋನ್ ಕಳಿಸಬೇಡಿ. ಗೇಟಿನ ಭದ್ರತಾ ಸಿಬ್ಬಂದಿಗೆ ಕೂಡಲೇ ಹೇಳಿ, ಎಲ್ಲಿ ಬಿದ್ದಿತೆಂದು ತೋರಿಸಿ, ಬ್ಯಾಟರಿ ಯಾವ ಬಗೆಯದೆಂದು ತಿಳಿಸಿ. ಹೊಗೆ ಕಂಡರೆ 112ಕ್ಕೆ ಕರೆ ಮಾಡಿ. ಅಪಘಾತದ ವರದಿಯನ್ನು 48 ಗಂಟೆಯೊಳಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ, ಅಂದರೆ ಡಿಜಿಸಿಎಗೆ ಕೊಡಬೇಕು. ಅನುಮತಿ ಪತ್ರ, ಡ್ರೋನ್‌ನ ನೋಂದಣಿ ಸಂಖ್ಯೆ, ಆ ದಿನ ಬೆಳಿಗ್ಗೆ ತೆಗೆದಿಟ್ಟ ನಕ್ಷೆಯ ಸ್ಕ್ರೀನ್‌ಶಾಟ್ ಮೂರೂ ಕೈಯಲ್ಲಿದ್ದರೆ ಠಾಣೆಯಲ್ಲಿ ಮಾತು ಸುಲಭ.